ಮೇಜಿನ ಎತ್ತರ

ವುಚ್: ಅಂದರೆ ದೋಣಿ. ನಮ್ಮೂರ ಹೆಸರು.
ತೇಲಿಸೋಣ ಅಂದರೆ ಕಣ್ಣಿಗೆ ಕಾಣುವ ಹೊಳೆಯಿಲ್ಲ.
ಹಳೆಯ ನೂಲಿನ ಗಿರಣಿಯ ಮೂರನೆಯ ಮಹಡಿ,
ಹನ್ನೊಂದು ಮಂದಿ, ಒಂದು ಬಾಡಿಗೆ, ಒಂದೇ ಕೆಟಲ್.
ಮಂಗಳವಾರ ಸಂಜೆ ಏಳಕ್ಕೆ
ಇನ್ನೂ ಇಲ್ಲದ ಮೇಜೊಂದರ ಸುತ್ತ ಕೂತು ಜಗಳ.

ಇರೆನೆಯುಶ್ ಸಿಎನ್‌ಸಿ ರೂಟರಿನ ನಕ್ಷೆ ತಂದಿದ್ದ.
ಪ್ಲೈವುಡ್ಡಿನ ಇಡೀ ಹಾಳೆ
ಕಾಲು ಮಡಚದೆ ಮಲಗಬೇಕು.
ಹಳಿ ಎರಡು, ಮೋಟಾರು ನಾಲ್ಕು,
ಅಡ್ಡಕ್ಕೆ ಓಡಾಡುವ ಒಂದು ತೊಲೆ, ತೊಲೆಯ ಎದೆಯಲ್ಲಿ
ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತುವ ಹಲ್ಲು.
ಎಲ್ಲ ಶಾಯಿಯಲ್ಲಿ. ಬೆಲೆ ಮಾತ್ರ ಪೆನ್ಸಿಲ್ಲಿನಲ್ಲಿ.

ಮೊದಲ ತಕರಾರು ಬಾಗಿಲದ್ದು:
ತೊಂಬತ್ತೇಳು ಸೆಂಟಿಮೀಟರು.
"ಒಳಗೇ ಕಟ್ಟಿದರಾಯಿತು."
"ಬಿಟ್ಟು ಹೊರಡುವ ದಿನ?" ಅಂದಳು ದೊಬ್ರೊಸ್ವಾವಾ.
ಮೂರು ಸಲ ಬಾಡಿಗೆ ಜಾಗ ಖಾಲಿ ಮಾಡಿದವಳಿಗೆ
ಹೊಸ್ತಿಲಿಗೆ ಎರಡೂ ಕಡೆ ಮುಖವೆಂದು ಗೊತ್ತು.
ಬೆಸುಗೆ ಬೇಡ, ನಟ್ಟು ಬೋಲ್ಟು, ಎಂದು ಬರೆದುಕೊಂಡೆ.

ಆಮೇಲೆ ದೂಳು. ಆಮೇಲೆ ಸದ್ದು: ಕೆಳಗಿನ ಮಹಡಿಯಲ್ಲಿ
ಪಿಟೀಲು ರಿಪೇರಿಯ ಮುದುಕ, ಕಿವಿಯೇ ಅವನ ರಸಮಟ್ಟ.
ಆಮೇಲೆ ನೆಲ. ನೂರು ವರ್ಷ ಮಗ್ಗಗಳು ಕುಣಿದ ನೆಲ,
ಗೋಲಿ ಬಿಟ್ಟರೆ ಕಿಟಕಿಗೇ ಉರುಳುತ್ತದೆ ಅಂದರು.
ಗೋಲಿ ಇರಲಿಲ್ಲ, ಬೇರಿಂಗಿನ ಗುಂಡು ಬಿಟ್ಟು ನೋಡಿದೆವು.
ಹೀಟರಿನಡಿ ಸೇರಿತು. ಇನ್ನೂ ಅಲ್ಲೇ ಇದೆ.

ಎತ್ತರ?
ಇರೆನೆಯುಶ್ ತನ್ನ ಸೊಂಟ ಮುಟ್ಟಿ ತೋರಿಸಿದ:
"ತೊಂಬತ್ತು. ಎಲ್ಲ ಕಡೆ ಅಷ್ಟೇ."

ಸರಕಿನ ಲಿಫ್ಟು ಕೆಟ್ಟ ವಾರ ಸಭೆಗೆ ಬಾರದ ಝಿತಾ
ಈ ವಾರ ಬಂದಿದ್ದಳು.
ಗಾಲಿಕುರ್ಚಿಯನ್ನು ಗೋಡೆಯ ಮಗ್ಗುಲಿಗೆ ತಂದು
ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಮೊಣಕೈ ಮಡಚಿ,
ಸುಣ್ಣದ ಮೇಲೆ ಒಂದು ಗೆರೆ ಎಳೆದಳು.
ಅಳೆದರೆ ಎಪ್ಪತ್ತೊಂದು.
ಸದ್ಯ, ಯಾರೂ ಕರುಣೆಯ ಮಾತು ಆಡಲಿಲ್ಲ.
ಇರೆನೆಯುಶ್ ರಬ್ಬರು ಹುಡುಕಿದ, ಬೈದುಕೊಂಡ,
ಶಾಯಿ ಅಳಿಯದೆ ಹೊಸ ಹಾಳೆ ತೆಗೆದ.
ಎಂಟು ಕಾಲಿಗೆ ಒಂದೂವರೆ ಮೀಟರು ಉಕ್ಕು ಉಳಿಯಿತು.
ಅವನ ಬೆನ್ನು ಮಾತ್ರ ಇನ್ನು ಮೇಲೆ ಬಗ್ಗಬೇಕು.

ಉಳಿದದ್ದು ಮೇಲ್ಮೈ.
ಅದರ ಮೇಲೊಂದು ಬಲಿಹಲಗೆ ಇರುತ್ತದಂತೆ,
ಅಗ್ಗದ್ದು, ತಿರುಪು ಬಿಚ್ಚಿ ಬದಲಿಸುವಂಥದ್ದು:
ಹಲ್ಲು ಮರವನ್ನು ದಾಟಿ ಕೂದಲೆಳೆಯಷ್ಟು ಇಳಿದಾಗ
ಗಾಯ ತನಗಿರಲಿ ಅನ್ನುವ ಹಲಗೆ.
ಯಂತ್ರ ಎದ್ದು ನಿಂತ ದಿನ ಅದರ ಮೊದಲ ಕೆಲಸ
ತನ್ನ ಹಾಸಿಗೆಯನ್ನು ತಾನೇ ಹೆರೆದು ಮಟ್ಟ ಮಾಡಿಕೊಳ್ಳುವುದು.
ನೆಲ ಸೊಟ್ಟಗಿದ್ದರೆ ಇರಲಿ,
ತನ್ನ ತೊಲೆಗೆ ತಾನು ಸಮ ಇದ್ದರೆ ಸಾಕಂತೆ.

ಅದಕ್ಕೆ ದುಡ್ಡು ಯಾರದು, ಎಂದು ಕೇಳಿದೆ.
ಎಲ್ಲರೂ ಚಹಾದ ಲೋಟದೊಳಗೆ ನೋಡಿದರು.
ಮುಂದಿನ ವಾರಕ್ಕೆ, ಎಂದು ಬರೆದೆ.

ಎಂಟೂವರೆಗೆ ಹೀಟರು ಆರಿತು. ಕೋಟು ಹಾಕಿಕೊಂಡೆವು.
ಹೋಗುತ್ತ ಯಾರೋ ಆ ಗೆರೆಯ ನೇರಕ್ಕೆ
ಕೆಟಲನ್ನು ಹಿಡಿದು, ಒಂದು ಗಳಿಗೆ ನಿಂತರು,
ಇನ್ನೇನು ಇಡುವವರ ಹಾಗೆ.