ಮುಂಗೈ ಹೇಳಿದ್ದು

ಕರೆಂಟು ಹೋದರೆ ನನ್ನ ಪಾಳಿ.
ಮೂವತ್ತೆರಡು ಮಿಷನ್ನು ಒಮ್ಮೆಗೇ ಬಾಯಿ ಮುಚ್ಚಿ
ಕೌಲ್ ಬಜಾರಿನ ಓಣಿ ಕಿಟಕಿಯಿಂದ ಒಳಗೆ ಬರುತ್ತದೆ:
ಕುಕ್ಕರಿನ ಸೀಟಿ, ಗಂಟಲು ಸರಿಮಾಡಿಕೊಳ್ಳುವ ಮಸೀದಿಯ ಮೈಕು,
ಯಾರದೋ ತೆಲುಗು ಬೈಗುಳ.
'ಗಾದಿಲಿಂಗಾ, ಏನಾರ ತೋರ್ಸಪಾ' ಅನ್ನುತ್ತಾರೆ
ರಟ್ಟಿನ ಚೂರಲ್ಲಿ ಗಾಳಿ ಬೀಸಿಕೊಳ್ಳುತ್ತ.

ನನ್ನ ಹತ್ತಿರ ದಂಡವಿಲ್ಲ, ಪೆಟ್ಟಿಗೆಯಿಲ್ಲ.
ಗುರುತು ಹಾಕುವ ಸುಣ್ಣದ ಬಿಲ್ಲೆ,
ಜೀನ್ಸಿನ ಒಂದು ತಾಮ್ರದ ಗುಂಡಿ,
ಚಹದಂಗಡಿಯ ಬಿಲ್ಲಿನ ಹಿಂಬದಿ. ಸಾಕು.
ಬರಿ ಅನ್ನುತ್ತೇನೆ, ಅವ್ವನ ಹೆಸರೋ ಬಿಟ್ಟುಹೋದವಳ ಹೆಸರೋ;
ಮಡಚು, ಮತ್ತೊಮ್ಮೆ ಮಡಚು, ಹರಿ.
ಹರಿಯುವ ಮುನ್ನವೇ ಓದಿ ಆಗಿರುತ್ತದೆ.
ಹೇಗೆ ಅಂತ ಹೇಳಿದರೆ
ಗುಂತಕಲ್ ಪ್ಯಾಸೆಂಜರಿನಲ್ಲಿ ಹಲ್ಲುಪುಡಿ ಮಾರುತ್ತ ಕಲಿಸಿದಾತನಿಗೆ
ಕೊಟ್ಟ ಮಾತು ಮುರಿದೀತು.

ಇಷ್ಟು ಹೇಳಬಹುದು: ಇಲ್ಲಿ ಎಲ್ಲರ ಬೆರಳೂ ನೀಲಿ,
ಎಲ್ಲರ ನೀಲಿಯೂ ಒಂದೇ ಅಲ್ಲ.
ವಾಷಿಂಗಿನವರದು ತೆಳು, ಕಟಿಂಗಿನವರದು ಕಡು;
ಚೀಟಿಯ ಅಂಚಿಗೆ ಹೆಬ್ಬೆಟ್ಟು ತಾನೇ ರುಜು ಹಾಕುತ್ತದೆ.
ಏಳು ಅಂದುಕೊಂಡವನ ನಾಲಿಗೆ
ಮುಚ್ಚಿದ ಬಾಯೊಳಗೂ ಮಡಚುತ್ತದೆ,
ಗದ್ದದ ಕೆಳಗೆ ಕಾಣುತ್ತದೆ, ನೋಡಬೇಕು ಅಷ್ಟೆ.

ದೊಡ್ಡ ಆಟ ಮುಂಗೈಯದು.
ಗುಂಡಿಯನ್ನು ಎಲ್ಲಾದರೂ ಬಚ್ಚಿಡಿ,
ಬಚ್ಚಿಟ್ಟವರು ಕೈ ಕೊಡಿ, ಜಾಗ ಮಾತ್ರ ನೆನೆಯಿರಿ.
ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಯುತ್ತೇನೆ.
ತಪ್ಪು ದಾರಿಗೆ ಕೈ ಕಲ್ಲಾಗುತ್ತದೆ, ಕೂದಲೆಳೆಯಷ್ಟು;
ಸರಿದಾರಿಗೆ ಹಗುರ, ಸಂಜೆ ದನ ಮನೆಗೆ ತಿರುಗಿದ ಹಾಗೆ.
ಮನಸು ಓದಿದ ಅಂತಾರೆ.
ನಾನು ಓದಿದ್ದು ಮಣಿಕಟ್ಟು.

ಆ ಶನಿವಾರ ಪಗಾರದ ಕವರೊಂದು ಕಾಣೆಯಾಯಿತು.
ಕಾಜಾ ಹಾಕುವ ಹುಲಿಗೆಮ್ಮನದು,
ಎರಡು ವಾರದ ಓವರ್‌ಟೈಮೂ ಅದರಲ್ಲೇ.
ಸೂಪರ್‌ವೈಸರ್ ತಿಪ್ಪೇರುದ್ರ ಬಾಗಿಲು ಹಾಕಿಸಿದ:
'ಪೊಲೀಸ್ರು ಯಾಕ? ನಮ್ಮಲ್ಲೇ ಅದಾನಲ್ಲ ಮನಸು ಓದಾವ.
ಎಲ್ಲಾರ ಕೈ ಹಿಡೀಲಿ.'

ಆಟಕ್ಕೆ ಕೊಟ್ಟ ಕೈ ಬೇರೆ, ಹೆದರಿ ಕೊಟ್ಟ ಕೈ ಬೇರೆ.
ಹದಿನಾಲ್ಕು ಕೈ ಹಿಡಿದೆ, ಎಲ್ಲದರಲ್ಲೂ ಮೀನು ಒದ್ದಾಡುತ್ತಿತ್ತು.
ಹದಿನೈದನೆಯದು ಮಾಸ್ಟರ್ ಹೊನ್ನೂರಸಾಬರದು.
ನಲವತ್ತು ಪದರ ಬಟ್ಟೆಯನ್ನು ಒಂದೇ ಉಸಿರಲ್ಲಿ ಕತ್ತರಿಸುವ ಕೈ,
ನನಗೆ ಕತ್ತರಿ ಹಿಡಿಯುವುದು ಕಲಿಸಿದ ಕೈ.
ಅದು ನಡುಗಲಿಲ್ಲ.
ಸುಮ್ಮನೆ, ತಾನೇ, ಹಗುರಾಯಿತು;
ಜೇಬಿನ ಬಟ್ಟೆಯ ಕಟ್ಟುಗಳ ಕಡೆ ನನ್ನನ್ನು ಕರೆದೊಯ್ಯತೊಡಗಿತು
ಹಿಡಿದುಬಿಡು ಅನ್ನುವ ಹಾಗೆ.

ನಾನು ಕಲ್ಲಾದ ಕಡೆಗೇ ನಡೆದೆ.
ಇಸ್ತ್ರಿ ಮೇಜಿಗೆ ಮೊಣಕಾಲು ಬಡಿಸಿಕೊಂಡೆ,
ಕೊನೆಗೆ ತಿಪ್ಪೇರುದ್ರನ ಊಟದ ಡಬ್ಬಿಯ ಮೇಲೆ ಕೈಯಿಟ್ಟು
'ಇಲ್ಲೈತೆ' ಅಂದೆ.
ತೆಗೆದರೆ ಅರ್ಧ ರೊಟ್ಟಿ, ಗುರೆಳ್ಳು ಪುಡಿ.
ಅಳುತ್ತಿದ್ದ ಹುಲಿಗೆಮ್ಮನೂ ನಕ್ಕುಬಿಟ್ಟಳು.
'ಬರೇ ಡೋಂಗಿ' ಅಂದರು ಎಲ್ಲರೂ, ಮಾಸ್ಟರೊಬ್ಬರ ಹೊರತು.

ಸೋಮವಾರ ಕವರು ಅವಳ ಮಿಷನ್ನಿನ ಡ್ರಾದಲ್ಲೇ ಇತ್ತು,
ಬಾಬಿನ್ನುಗಳ ಅಡಿಗೆ, ಅಂಚಿನಲ್ಲಿ ಕಡುನೀಲಿ ಹೆಬ್ಬೆಟ್ಟು.
'ನಾನೇ ನೆಟ್ಟಗ ನೋಡಿರ್ಲಿಲ್ಲ' ಅಂದಳು.
ಎಣಿಸಿ ಕೊಡ್ತೀನಿ ಅಂತ ಇಸ್ಕೊಂಡು
ಆ ಗುರುತಿನ ಮೇಲೆ ನನ್ನ ಹೆಬ್ಬೆಟ್ಟು ಒತ್ತಿದೆ.
ಯಾಕೆ ತಗೊಂಡಿದ್ದರೋ.
ಮಣಿಕಟ್ಟು ಎಲ್ಲಿ ಅನ್ನುತ್ತದೆ,
ಯಾಕೆ ಅನ್ನುವುದಿಲ್ಲ.

ಈಗ ಕರೆಂಟು ಹೋದರೆ ಮೊಬೈಲು ತೆಗೆಯುತ್ತಾರೆ.
ನಿನ್ನೆ ಸಂಜೆ ಮಾತ್ರ ಮಾಸ್ಟರು ಕತ್ತಲಲ್ಲಿ ಹತ್ತಿರ ಕೂತು
'ಒಂದು ಬಣ್ಣ ಅಂದ್ಕೊಂಡೀನಿ. ಹೇಳು ನೋಡಣ' ಅಂದರು.
ಮುಂಗೈ ಚಾಚಿದರು. ನಾನು ಹಿಡಿಯಲಿಲ್ಲ.
'ನೀಲಿ' ಅಂದೆ.
'ಅಲ್ಲ' ಅಂದರು.
ಅಷ್ಟರಲ್ಲಿ ಕರೆಂಟು ಬಂತು, ಮೂವತ್ತೆರಡೂ ಒಟ್ಟಿಗೆ ಕೂಗಿದವು,
ಯಾವುದು ಅಂತ ಅವರು ಹೇಳಿದ್ದು
ಕೇಳಿಸಲಿಲ್ಲ.