ಇಳಿತದ ಲೆಕ್ಕ

ಮೊದಲು ಆ ಆ್ಯಪಿನಲ್ಲಿ ಇದ್ದದ್ದು ಒಂದೇ ಪರದೆ:
ಇವತ್ತು ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ,
ಎಷ್ಟು ಹೊತ್ತಿಗೆ ಮತ್ತೆ ಏರುತ್ತದೆ.
ಎರಡು ಅಂಕಿ, ಒಂದು ಬಾಗಿದ ಗೆರೆ.
ಕಂಬಾದೋಸಿನ ಹೆಂಗಸರು ಅದನ್ನು
ಗೋಡೆಗಡಿಯಾರ ನೋಡುವಷ್ಟೇ ನೋಡಿ,
ಮೊಣಕಾಲುದ್ದದ ಬೂಟು ಎಳೆದುಕೊಂಡು
ಹಲ್ಲುಗೋಲು ಹಿಡಿದು ಅಳಿವೆಯ ಕೆಸರಿಗೆ ಇಳಿಯುತ್ತಿದ್ದರು
ಕಪ್ಪೆಚಿಪ್ಪು ಕೆದಕಲು.

ಹನ್ನೊಂದು ಸೆಕೆಂಡು! ಎಂದ ಬ್ರೈಶೊ,
ವೀಗೊ ಊರಿನ ಮೂರನೇ ಮಹಡಿಯಲ್ಲಿ ಕೂತು.
ಉಶೀಯಾ, ಇದು ಆ್ಯಪೋ, ಬಸ್ ನಿಲ್ದಾಣವೋ?
ಬಂದವರನ್ನು ನಿಲ್ಲಿಸು.

ನಿಲ್ಲಿಸಲು ನಾನು ಹಾಕಿದ್ದು:
ಹಿಂಬಾಲಿಸಲು ಒಂದು ಗುಂಡಿ, ಹಂಚಲು ಒಂದು ಬಾಣ,
ಮುಖದ ಚಿತ್ರಕ್ಕೆ ದುಂಡನೆಯ ಕಿಂಡಿ,
ದಿನದಿನದ ಇಳಿತದ ಕೆಳಗೆ
ಬೆರಳು ತಾಗಿದರೆ ಕೆಂಪಾಗುವ ಹೃದಯ.
ಅದು ಮಿಡಿಯುವ ಹಾಗೆ ಮಾಡಲಿಕ್ಕೇ ನಾಲ್ಕು ದಿನ ಹಿಡಿಯಿತು.

ಯಾರೂ ಯಾರನ್ನೂ ಹಿಂಬಾಲಿಸಲಿಲ್ಲ.
ಕೆಸರಿನಲ್ಲಿ ಒಬ್ಬಳ ಹೆಜ್ಜೆಗೆ ಇನ್ನೊಬ್ಬಳು ಕಾಲಿಟ್ಟೇ
ನಲವತ್ತು ವರ್ಷ ನಡೆದವರು.
ಚಿಪ್ಪಿನ ಜಾಗ ಯಾರಾದರೂ ಹಂಚುತ್ತಾರೆಯೆ, ಹುಚ್ಚೇ?
ಮುಖದ ಕಿಂಡಿಯಲ್ಲಿ ದೊಸಿಂದಾ ತನ್ನ ನಾಯಿಯನ್ನು ಕೂರಿಸಿದಳು.
ಬಂದ ಒಂದೇ ಒಂದು ಕಮೆಂಟೂ ಅವಳದ್ದೇ:
ಈ ಹೃದಯ ಒತ್ತಿದರೆ ನೀರು ಇನ್ನರ್ಧ ಗಂಟೆ ತಡೆಯುತ್ತದೆಯೆ?
ನಾನು ಉತ್ತರಿಸಲಿಲ್ಲ.
ಉತ್ತರಿಸುವ ಗುಂಡಿ ಇನ್ನೂ ಮಾಡಿರಲಿಲ್ಲ.

ನವೆಂಬರಿನಲ್ಲಿ ಅಂಕಿ ಎದ್ದು ಕೂತಿತು.
ಹತ್ತೊಂಬತ್ತು. ಮರುದಿನವೂ ಹತ್ತೊಂಬತ್ತು.
ಒಂದು ಗುರುವಾರ ಮಾತ್ರ ಹನ್ನೆರಡು,
ಶುಕ್ರವಾರ ಮತ್ತೆ ಅದೇ.
ಬ್ರೈಶೊ ಅಂಗೈ ಉಜ್ಜಿದ: ಇಪ್ಪತ್ತೈದಾಗಲಿ,
ಏಳು ದಿನ ತಪ್ಪದೆ ಒತ್ತಿದವರಿಗೆ ಚಿನ್ನದ ಬಿಲ್ಲೆ ತೋರಿಸು.

ಕೇಳಿ ಬರೋಣವೆಂದು ಬಸ್ಸು ಹತ್ತಿದೆ.
ದೊಸಿಂದಾ ಬಕೆಟ್ಟಿನ ಉಪ್ಪುನೀರು ಚೆಲ್ಲುತ್ತ ಹೇಳಿದಳು:
ಇಳಿಯುವಾಗ ಹತ್ತೊಂಬತ್ತು ತಲೆ.
ಮಂಜು ಕವಿದರೆ ಎಣಿಸಲು ಕಾಣದು, ಕೂಗಿದರೆ ಕೇಳದು.
ದಡ ಹತ್ತಿದವಳು ಕೈಗವಸು ಹಲ್ಲಲ್ಲಿ ಕಚ್ಚಿ ಎಳೆದು
ಇದನ್ನು ಒತ್ತುತ್ತಾಳೆ.
ಆ ಗುರುವಾರವೆ? ಏಳು ಜನ ಒಬ್ಬರ ಮಣ್ಣಿಗೆ ಹೋಗಿದ್ದೆವು.
ನೀನು ಇದಕ್ಕೇ ತಾನೆ ಮಾಡಿದ್ದು?

ಹೌದು ಅಂದೆ.
ಅಷ್ಟು ದೊಡ್ಡ ಸುಳ್ಳು ಅಷ್ಟು ಸಣ್ಣ ಪದದಲ್ಲಿ
ಹಿಂದೆಂದೂ ಹೇಳಿರಲಿಲ್ಲ.

ಬಿಲ್ಲೆ ಮಾಡಿಲ್ಲ. ಕೇಳಿದಾಗೆಲ್ಲ
ಸರ್ವರಿನ ಮೇಲೆ ಗೂಬೆ ಕೂರಿಸುತ್ತೇನೆ.
ಬ್ರೈಶೊಗೆ ಹೇಗೆ ಹೇಳಲಿ, ಹತ್ತೊಂಬತ್ತರ ಮೇಲೆ ಒಂದು ಹೆಚ್ಚಿದರೂ
ಅದು ತಪ್ಪು ಲೆಕ್ಕವೆಂದು, ಒಂದು ಕಡಿಮೆಯಾದರೆ

ನಿನ್ನೆ ಸಂಜೆ ಐದೂ ಕಾಲು. ಹದಿನೆಂಟು.
ಮೀಟಿಂಗಿನಲ್ಲಿ ಯಾರೋ ಬಣ್ಣಗಳ ಬಗ್ಗೆ ಮಾತಾಡುತ್ತಿದ್ದರು.
ಮೇಜಿನ ಕೆಳಗೆ ನನ್ನ ಹೆಬ್ಬೆರಳು
ಪರದೆಯನ್ನು ಎಳೆದು ಬಿಟ್ಟು, ಎಳೆದು ಬಿಟ್ಟು,
ಬಾವಿಯ ಹಗ್ಗ ಜಗ್ಗಿದ ಹಾಗೆ.
ಐದೂ ಮೂವತ್ತೊಂದಕ್ಕೆ
ಒಂದು ನಾಯಿಯ ಮುಖ,
ಪಕ್ಕದಲ್ಲಿ ಕೆಂಪು.