ಮೂರನೆಯ ಗೆರೆ

ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳು ಹೆಪ್ಪುಗಟ್ಟಿದ್ದ ಆ ಜನವರಿ
ಯೆಲ್ಟ್ಯೆ ಮಡಿಲಲ್ಲಿ ಉಕ್ಕಿನ ವಿಮಾನವಿಟ್ಟುಕೊಂಡು
ಉಜ್ಜುತ್ತಿದ್ದಳು. ಗೇಣುದ್ದದ್ದು.
ಅವಳಪ್ಪ ಫ್ರೀಸ್‌ಲ್ಯಾಂಡಿನಲ್ಲಿ ಸ್ಕೇಟು ಮಾಡುತ್ತಿದ್ದನಂತೆ;
ಅಲಗಿನ ಬಾಗು ಕಣ್ಣಿಗೆ ಕಾಣುವುದಿಲ್ಲ,
ಹೆಬ್ಬೆರಳಿಗೆ ಕೇಳಿಸುತ್ತದೆ ಅನ್ನುತ್ತಿದ್ದನಂತೆ.

ನನ್ನದು ಬೆಳಕಿನ ಕೆಲಸ. ದಪ್ಪ ಗಾಜಿನ ಕಿಟಕಿಯಾಚೆ ಈಚೆ
ದೀಪ, ಕನ್ನಡಿ, ಒಂದು ಕತ್ತಿಯಲಗು, ಫಿಲ್ಮು.
ತೊಟ್ಟಿಯಲ್ಲಿ ಅದುಮಿಟ್ಟ ಗಾಳಿಯನ್ನು ಬಿಟ್ಟರೆ
ಮೂವತ್ತೇ ಸೆಕೆಂಡು,
ಇಡೀ ಕಟ್ಟಡ ಹಲ್ಲು ಕಚ್ಚಿ ನಡುಗಿ
ಮುಗಿಯುತ್ತದೆ. ಆಮೇಲೆ ಕಿವಿಯಲ್ಲಿ ಬರೀ ಹತ್ತಿ.

ಮೆಲ್ಲಗೆ ಬರುವ ಗಾಳಿಗೆ ಮೊದಲೇ ಗೊತ್ತಿರುತ್ತದೆ
ಮುಂದೆ ಯಾರೋ ಇದ್ದಾರೆಂದು;
ಟ್ರಾಮಿನಲ್ಲಿ ಬಸುರಿಗೆ ಸರಿದಂತೆ ಸರಿಯುತ್ತದೆ.
ಸದ್ದಿಗಿಂತ ಮುಂದೆ ಓಡಿದ್ದಕ್ಕೆ
ಸುದ್ದಿಯೇ ಇಲ್ಲ.
ಬಂದು ಹಾಯುತ್ತದೆ. ಹಾಯ್ದಲ್ಲಿ ಒಂದು ಗೆರೆ,
ಕೂದಲೆಳೆ, ಕಪ್ಪು:
ಈಚೆಗೊಂದು ಗಾಳಿ, ಆಚೆಗೆ ಬೇರೆಯೇ ಗಾಳಿ.

ಅವತ್ತು ಫಿಲ್ಮು ತೊಳೆದು ನೇತುಹಾಕಿದಾಗ
ಮೂಗಿನ ಗೆರೆ ಇತ್ತು, ಬಾಲದ ಗೆರೆ ಇತ್ತು,
ನಡುವೆ, ಯಾರೂ ಕರೆಯದ ಇನ್ನೊಂದು.
ಇಂಜಿನಿಯರ್ ಹೂಖ್‌ಲಾಂಡ್ ಲೆಕ್ಕದ ಹಾಳೆ ತಿರುವಿದ,
ಪೈಪು ಹಚ್ಚಿದ, ಗಾಜಿನ ಮೇಲೆ ಗೀರಿರಬೇಕು ಎಂದು
ನನ್ನತ್ತ ನೋಡಿದ.
ಯೆಲ್ಟ್ಯೆ ಕೈಗವಸು ಕಳಚಿದಳು.
ಹೆಬ್ಬೆರಳು ಉಕ್ಕಿನ ಬೆನ್ನ ಮೇಲೆ ಜಾರಿತು, ನಿಂತಿತು,
ತುಸು ಹಿಂದೆ ಬಂತು.
"ಇಲ್ಲಿ."
ತಿರುಪಿನ ತಲೆ ಮುಚ್ಚಿದ್ದ ಮೇಣ
ಕಾಗದದ ದಪ್ಪವೂ ಅಲ್ಲ, ಉಬ್ಬಿತ್ತು.
"ನನ್ನದೇ ತಪ್ಪು" ಅಂದಳು, ಅರ್ಧ ಹೆಮ್ಮೆಯಿಂದ.

ಮರುವಾರ ಬಂದದ್ದು ಮೊಂಡು ಮೂಗಿನದು,
ಆಲೂಗಡ್ಡೆಯಂಥದು. ಇದನ್ನೂ ಉಜ್ಜಬೇಕೇ ಎಂದು ನಕ್ಕಳು.
ಚಿತ್ರದಲ್ಲಿ ಗೆರೆ ಅದರ ಮೈ ಮುಟ್ಟಿರಲಿಲ್ಲ;
ಒಂದು ಬೆರಳು ದೂರದಲ್ಲೇ ಬಿಲ್ಲಾಗಿ ನಿಂತು
ಕಾವನ್ನೆಲ್ಲ ಅತ್ತಿತ್ತ ಸಾಗಹಾಕುತ್ತಿತ್ತು.
ಚೂಪಾದದ್ದು ಬೇಗೆಯನ್ನು ಮೂಗಿನ ತುದಿಗೇ ಅಂಟಿಸಿಕೊಳ್ಳುತ್ತದೆ,
ಆಕಾಶದಿಂದ ಇಳಿಯುವಾಗ ಮೊದಲು ಕರಗುವುದು ಅದೇ,
ಅಂದ ಹೂಖ್‌ಲಾಂಡ್.
ಅವಳು ಬಹಳ ಹೊತ್ತು ನೋಡಿದಳು.
"ಹಾರ್ಲಿಂಗನ್ನಿನ ನಮ್ಮ ದೊಡ್ಡಮ್ಮನ ಹಾಗೆ" ಅಂದಳು.
"ಯಾರ ಮಾತೂ ಅವಳ ಹತ್ತಿರ ಬರುತ್ತಿರಲಿಲ್ಲ."

ಈಗ ಆ ಸುರಂಗದಲ್ಲಿ ಬೇರೆಯವರು ದೀಪ ಹಚ್ಚುತ್ತಾರೆ.
ತಪ್ಪಾದ ಫಿಲ್ಮನ್ನು ಎಸೆಯಲು ಹೇಳಿದ್ದರು;
ನನ್ನ ಮೇಜಿನ ಖಾನೆಯಲ್ಲಿದೆ.
ಕಿಟಕಿಗೆ ಹಿಡಿದರೆ ಮೂರನೆಯ ಗೆರೆ
ಓರೆಯಾಗಿ, ಅಂಚಿನವರೆಗೂ ನೆಟ್ಟಗೆ.
ಅದರ ಬುಡದಲ್ಲಿ
ಎಷ್ಟು ಕಣ್ಣು ಕಿರಿದು ಮಾಡಿದರೂ
ಏನೂ ಕಾಣುವುದಿಲ್ಲ.